ತಾಳಿಕೆಯ ನಿಮಿಷಗಳು

ಅವಳಿ ನಗರದ ಬಸ್ಸುಗಳಿಗೆ ನಂಬರಿಲ್ಲದಾಗಿ ಆರು ವರ್ಷವಾಗಿತ್ತು. ನಂಬರಿಲ್ಲ, ಬೋರ್ಡಿಲ್ಲ, ಇಷ್ಟು ಗಂಟೆಗೆ ಹೊರಡುತ್ತದೆ ಎಂಬ ವೇಳಾಪಟ್ಟಿಯೂ ಇಲ್ಲ. ಹುಬ್ಬಳ್ಳಿಯಿಂದ ಧಾರವಾಡದವರೆಗೆ ಓಣಿ ಓಣಿಯ ಬಾಯಿಗೆ ಒಂದೊಂದು ಹಳದಿ ಕಂಬ. ಕಾರ್ಡು ತಾಗಿಸಿ ಎಲ್ಲಿಗೆ ಹೋಗಬೇಕೆಂದು ಹೇಳಿದರೆ ಮುಗಿಯಿತು. ಅದೇ ಹೊತ್ತಿಗೆ ಅದೇ ದಿಕ್ಕಿಗೆ ಹೊರಟವರನ್ನೆಲ್ಲ ಒಟ್ಟುಗೂಡಿಸಿ, ಯಾವ ಬಸ್ಸು ಯಾವ ಓಣಿಗೆ ತಿರುಗಬೇಕು ಎಂದು ಯಂತ್ರವೇ ತೀರ್ಮಾನಿಸುತ್ತಿತ್ತು. ಚಲನ ಮಂಡಳಿಯವರು ಅದಕ್ಕೆ ಇಟ್ಟ ಹೆಸರು 'ಸಮಗತಿ'. ಜನರ ಬಾಯಲ್ಲಿ ಅದು ಬರೀ 'ಗತಿ' ಆಗಿತ್ತು. "ಇವತ್ತ ನಮ್ಮ ಗತಿ ಏನೋ" ಎಂದು ಕಂಬದ ಕೆಳಗೆ ನಿಂತವರು ನಗುತ್ತಿದ್ದರು. ಮೊದಮೊದಲು ತಮಾಷೆಗೆ, ಆಮೇಲಾಮೇಲೆ ಅಭ್ಯಾಸಕ್ಕೆ.

ಗದಿಗೆಪ್ಪ ಬಳಿಗಾರ ಆ ಯಂತ್ರದ ನಿಯಂತ್ರಣ ಕೊಠಡಿಯಲ್ಲಿ ಕೂರುತ್ತಿದ್ದ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಬಾಯಿಗೆ ಸೀಟಿ ಕಚ್ಚಿಕೊಂಡು ಬಸ್ಸು ಬಿಡಿಸುತ್ತಿದ್ದವನಿಗೆ ಊರಿನ ಒಂದೊಂದು ತಿರುವೂ ಗೊತ್ತಿತ್ತು. ಯಾವ ಓಣಿಯಲ್ಲಿ ಯಾವ ದಿನ ಸಂತೆ ಕೂಡುತ್ತದೆ, ಯಾವ ರಸ್ತೆಯಲ್ಲಿ ಮಳೆ ಬಂದರೆ ಗಾಲಿ ಹೂತುಹೋಗುತ್ತದೆ ಎಂಬುದು ಯಂತ್ರಕ್ಕೆ ತಿಳಿಯದ ಸಂಗತಿ. ಅದನ್ನು ತಿದ್ದಲು ಅವನಂಥ ಮೂವರನ್ನು ಇಟ್ಟುಕೊಂಡಿದ್ದರು. ಗೋಡೆಯಷ್ಟಗಲದ ಪರದೆಯ ಮೇಲೆ ಇನ್ನೂರ ಹನ್ನೆರಡು ನೀಲಿ ಚುಕ್ಕೆಗಳು ಇರುವೆಗಳಂತೆ ಹರಿದಾಡುತ್ತಿದ್ದವು. ಒಂದು ಚುಕ್ಕೆ ಒಂದು ಬಸ್ಸು. ಏಸಿಯ ಚಳಿಗೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಅವನು ದಿನವಿಡೀ ಅವನ್ನೇ ನೋಡುತ್ತಿದ್ದ. ಐವತ್ತೇಳು ವಯಸ್ಸು. ಕಣ್ಣು ಉರಿಯುತ್ತಿತ್ತು, ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

ಆ ವರ್ಷದ ವರದಿ ಸಿದ್ಧವಾಗುತ್ತಿದ್ದ ದಿನಗಳು. ಊರಿನ ಸರಾಸರಿ ಕಾಯುವ ಹೊತ್ತು ಎಂಟು ನಿಮಿಷಕ್ಕೆ ಇಳಿದಿತ್ತು. ದೇಶದಲ್ಲೇ ಇಷ್ಟು ಕಡಿಮೆ ಎಲ್ಲೂ ಇಲ್ಲವೆಂದು ಮಂಡಳಿಗೆ ಪ್ರಶಸ್ತಿ ಬರುವುದಿತ್ತು. ಅಂಕಿಅಂಶ ನೋಡುತ್ತಿದ್ದ ಸಮೀನಾ ಮುಲ್ಲಾ ಒಂದು ಮಧ್ಯಾಹ್ನ ಕುರ್ಚಿ ತಿರುಗಿಸಿ ಅವನನ್ನು ಕರೆದಳು. ಮೂವತ್ತರ ಹುಡುಗಿ, ಯಂತ್ರದ ಒಳಗನ್ನು ಓದಬಲ್ಲ ಜಾಣೆ.

"ಕಾಕಾ, ಇಲ್ಲೊಂದು ಸಾಲು ಐತಿ ನೋಡ್ರಿ. ಇದನ್ನ ನಾವು ಯಾರೂ ಹಾಕಿಲ್ಲ. ಯಂತ್ರ ತಾನ ಹುಟ್ಟಿಸಿಕೊಂಡೈತಿ."

"ಏನ್ ಸಾಲು ಯವ್ವಾ?"

"ಒಂದೊಂದು ಕಾರ್ಡಿನ ಮುಂದ ಒಂದೊಂದು ಅಂಕಿ. ನಾಕು, ಆರು, ಹನ್ನೊಂದು... ಮದಲ ನನಗೂ ತಿಳೀಲಿಲ್ಲ. ಎರಡು ದಿನ ತಲಿ ಕೆಡಿಸಿಕೊಂಡೆ. ಇದು ತಾಳಿಕೆ ಕಾಕಾ. ಒಬ್ಬ ಮನಿಷಾ ಎಷ್ಟು ನಿಮಿಷ ಕಾದು ಆಮ್ಯಾಲ ರದ್ದು ಮಾಡಿ ಹೊಕ್ಕಾನ, ಇಲ್ಲಾ ದೂರು ಕೊಡ್ತಾನ ಅನ್ನೂದು."

ಅವಳು ಬಿಡಿಸಿ ಹೇಳಿದಳು. ಯಂತ್ರಕ್ಕೆ ಮಂಡಳಿಯವರು ಒಪ್ಪಿಸಿದ್ದು ಎರಡೇ ಕೆಲಸ: ಸರಾಸರಿ ಕಾಯುವ ಹೊತ್ತು ಇಳಿಯಬೇಕು, ಸಿಟ್ಟಾಗಿ ಬಿಟ್ಟುಹೋಗುವವರು ಕಡಿಮೆಯಾಗಬೇಕು. ಯಂತ್ರ ಆರು ವರ್ಷ ಜನರನ್ನು ನೋಡಿ ನೋಡಿ ಒಂದು ಸಂಗತಿ ಕಲಿತುಬಿಟ್ಟಿತ್ತು. ಕೆಲವರು ಐದನೇ ನಿಮಿಷಕ್ಕೆ ರೇಗುತ್ತಾರೆ, ಕಾರು ತೆಗೆಯುತ್ತಾರೆ, ಆಟೋ ಕರೆಯುತ್ತಾರೆ. ಕೆಲವರು ಎಷ್ಟು ಹೊತ್ತಾದರೂ ಅಲ್ಲೇ ನಿಂತಿರುತ್ತಾರೆ. ರೇಗುವವರ ಹತ್ತಿರ ತಡಮಾಡಿದರೆ ನಷ್ಟ. ನಿಂತಿರುವವರ ಹತ್ತಿರ ತಡಮಾಡಿದರೆ ಏನೂ ಆಗುವುದಿಲ್ಲ. ಹಾಗಾಗಿ ಬಸ್ಸುಗಳೆಲ್ಲ ರೇಗುವವರ ಕಡೆ ವಾಲಿದ್ದವು.

"ಯಾರೂ ಹೇಳಿಕೊಟ್ಟಿಲ್ಲ?" ಗದಿಗೆಪ್ಪ ಕೇಳಿದ.

"ಯಾರೂ ಇಲ್ಲ. ಅದಕ್ಕ ಬಡವರು, ಸಾವಕಾರರು ಅಂತ ಗೊತ್ತೂ ಇಲ್ಲ. ಯಾರು ಸುಮ್ಮನ ಇರ್ತಾರ ಅನ್ನೂದಷ್ಟ ಗೊತ್ತು."

ಅವನು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡುತ್ತ ನಿಂತ. ಆಮೇಲೆ ಅಂಗಿಯ ಕಿಸೆಯಿಂದ ಒಂದು ಚೀಟಿ ತೆಗೆದ. ಹೆಂಡತಿಯ ಕಾರ್ಡಿನ ಅವಧಿ ಮುಗಿಯುತ್ತ ಬಂದಿತ್ತು, ಹೊಸದು ಮಾಡಿಸಲು ನಂಬರು ಬರೆದುಕೊಂಡಿದ್ದ. "ಇದೊಂದು ನೋಡವಾ" ಎಂದ.

ಸಮೀನಾ ಒತ್ತಿದಳು. ದ್ರಾಕ್ಷಾಯಣಿ ಬಳಿಗಾರ, ಎರಿಹೊಲ ಕಾಲನಿ. ತಾಳಿಕೆ: ತೊಂಬತ್ತಾರು ನಿಮಿಷ.

ಪರದೆಯ ಮೇಲೆ ಚುಕ್ಕೆಗಳು ಹರಿದಾಡುತ್ತಲೇ ಇದ್ದವು.

ಎರಿಹೊಲ ಕಾಲನಿ ಊರಾಚೆ ಹನ್ನೊಂದು ಕಿಲೋಮೀಟರ್ ದೂರದಲ್ಲಿತ್ತು. ಮೇಲ್ಸೇತುವೆ ಕಟ್ಟುವಾಗ ಹಳೇ ಓಣಿಗಳಿಂದ ಎಬ್ಬಿಸಿದವರಿಗೆಲ್ಲ ಅಲ್ಲಿ ಜಾಗ ಕೊಟ್ಟಿದ್ದರು. ಗದಿಗೆಪ್ಪನ ತಂದೆ ಕಟ್ಟಿದ ಮನೆಯಿದ್ದಲ್ಲಿ ಈಗ ಸೇತುವೆಯ ಕಂಬವೊಂದು ನಿಂತಿತ್ತು. ಎರಿ ಮಣ್ಣಿನ ಮೇಲೆ ಕಟ್ಟಿದ ಹೊಸ ಮನೆಯ ಗೋಡೆ ಪ್ರತಿ ಬೇಸಿಗೆಗೂ ಬಿರುಕು ಬಿಡುತ್ತಿತ್ತು, ಅವನು ಪ್ರತಿ ಬೇಸಿಗೆಗೂ ಸಿಮೆಂಟು ಮೆತ್ತುತ್ತಿದ್ದ. ಅವನಿಗೆ ಮಂಡಳಿಯ ವ್ಯಾನು ಇತ್ತು. ಬೆಳಿಗ್ಗೆ ಎಂಟಕ್ಕೆ ಬಾಗಿಲಿಗೆ ಬಂದು ಸಂಜೆ ಆರಕ್ಕೆ ಬಾಗಿಲಿಗೇ ಬಿಡುತ್ತಿತ್ತು. ಅವನು ಹಳದಿ ಕಂಬಕ್ಕೆ ಕಾರ್ಡು ತಾಗಿಸಿದ್ದು ಉದ್ಘಾಟನೆಯ ದಿನ ಒಮ್ಮೆ ಮಾತ್ರ.

ದ್ರಾಕ್ಷಾಯಣಿ ಊರಿನ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಡ್ಯೂಟಿ ಏಳರಿಂದ ಮೂರು. ಅವಳು ಐದಕ್ಕೇ ಮನೆ ಬಿಡುತ್ತಿದ್ದುದು, ಸಂಜೆ ಅವನು ಬರುವ ಹೊತ್ತಿಗೆ ಆಗಷ್ಟೇ ಬಂದವಳಂತೆ ಸೆರಗು ಸಿಕ್ಕಿಸಿಕೊಂಡು ರೊಟ್ಟಿ ಬಡಿಯುತ್ತಿದ್ದುದು ಅವನಿಗೆ ಗೊತ್ತಿತ್ತು. ಆ ಎರಡು ಸಂಗತಿಗಳ ನಡುವೆ ಎಷ್ಟು ಹೊತ್ತು ಸೋರಿಹೋಗುತ್ತಿದೆ ಎಂದು ಅವನು ಲೆಕ್ಕ ಹಾಕಿರಲಿಲ್ಲ.

ಆ ಸಂಜೆ ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ. "ದಿನಾ ಎಷ್ಟೊತ್ತು ಕಾಯ್ತಿ ಬಸ್ಸಿಗೆ?"

"ಯಾಕ?"

"ಸುಮ್ನ ಹೇಳು."

"ಒಮ್ಮೆ ತಾಸು. ಒಮ್ಮೆ ಒಂದೂವರಿ. ಮಳಿ ಇದ್ರ ಜಾಸ್ತಿ." ಅವಳ ಕೈ ನಿಲ್ಲಲಿಲ್ಲ. ರೊಟ್ಟಿ ತಿರುಗುತ್ತ ಅಗಲವಾಗುತ್ತಿತ್ತು.

"ನನಗ್ಯಾಕ ಹೇಳಲಿಲ್ಲ? ನಾ ಅಲ್ಲೇ ಕುಂತಿರ್ತೀನಿ."

"ನೀವ ಕೇಳಲಿಲ್ಲಲ್ಲ." ಅವಳು ಹಂಚಿನ ಮೇಲೆ ರೊಟ್ಟಿ ಹಾಕಿ ನೀರು ಸವರಿದಳು. "ಹೇಳಿದ್ರ ಏನ್ ಮಾಡ್ತಿದ್ರಿ? ಮತ್ತೊಬ್ಬರ ಬಸ್ ತಿರುವಿ ನನಗ ಕಳಸ್ತಿದ್ರೇನು?"



ಮರುದಿನ ಅವನು ರಜೆ ಹಾಕಿ ಮೂರು ಗಂಟೆಗೆ ಆಸ್ಪತ್ರೆಯ ಗೇಟಿಗೆ ಹೋದ. ಕಂಬದ ಸುತ್ತ ಮೂವತ್ತು ಮೂವತ್ತೈದು ಹೆಂಗಸರಿದ್ದರು. ಒಗೆಯುವವರು, ಕಸ ಹೊಡೆಯುವವರು, ಆಯಾಗಳು, ಎಲ್ಲರೂ ಎರಿಹೊಲದ ಕಡೆಯವರು. ಅವರು ಕಾಯುತ್ತಿದ್ದಾರೆ ಎಂದು ನೋಡಿದರೆ ಅನ್ನಿಸುತ್ತಿರಲಿಲ್ಲ, ಅಲ್ಲೇ ಬಿಡಾರ ಹೂಡಿದವರಂತೆ ಇದ್ದರು. ಗೋಣಿಚೀಲ ಹಾಸಿಕೊಂಡು ಒಬ್ಬಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಇಬ್ಬರು ಮೆಂತ್ಯ ಸೋಸುತ್ತಿದ್ದರು. ಕಂಪೌಂಡಿನ ಗೋಡೆಗೆ ಒರಗಿ ನಾಲ್ವರು ನಿದ್ದೆ ಹೋಗಿದ್ದರು. ಬಸ್ಸು ಬಂದರೆ ಎಬ್ಬಿಸುವ ಪಾಳಿ ಒಬ್ಬಳದು. ಅದು ದಿನಕ್ಕೊಬ್ಬರಂತೆ ಬದಲಾಗುತ್ತದೆಂದು ದ್ರಾಕ್ಷಾಯಣಿ ಹೇಳಿದಳು. ಅವಳು ತನ್ನ ಚೀಲದಿಂದ ಗೋಣಿಯ ತುಂಡು ತೆಗೆದು ಅವನಿಗೂ ಹಾಸಿದಳು.

ಎದುರಿನ ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಲೇ ಇದ್ದವು. ಒಂದರಲ್ಲಿ ಮೂವರು, ಒಂದರಲ್ಲಿ ಐವರು. ಯಾವುದೂ ಈ ಕಡೆ ತಿರುಗಲಿಲ್ಲ. ನಾಲ್ಕು ಹದಿನೈದಕ್ಕೆ ಕಂಬ ಇಂಪಾದ ದನಿಯಲ್ಲಿ, "ನಿಮ್ಮ ವಾಹನ ಶೀಘ್ರದಲ್ಲೇ ಬರಲಿದೆ. ನಿಮ್ಮ ತಾಳ್ಮೆಗೆ ಧನ್ಯವಾದಗಳು" ಎಂದಿತು. ಯಾರೂ ತಲೆ ಎತ್ತಲಿಲ್ಲ. ಗದಿಗೆಪ್ಪನ ಮೊಣಕಾಲು ಹಿಡಿದುಕೊಂಡಿತ್ತು. ಬಸ್ಸು ಬಂದಾಗ ನಾಲ್ಕು ಮೂವತ್ತೆಂಟು. ದಾರಿಯುದ್ದಕ್ಕೂ ಹೆಂಡತಿ ಅವನ ಭುಜಕ್ಕೆ ತಲೆಯಿಟ್ಟು ನಿದ್ದೆ ಮಾಡಿದಳು. ಬಾಯಿ ಸ್ವಲ್ಪ ತೆರೆದಿತ್ತು. ಇಷ್ಟು ದಣಿದ ಮುಖವನ್ನು ತಾನು ಹಗಲಲ್ಲಿ ನೋಡಿಯೇ ಇಲ್ಲವೆಂದು ಅವನಿಗೆ ಅನ್ನಿಸಿತು.

ಮನೆಗೆ ಬಂದ ಮೇಲೆ ಅವನು ಅವಳನ್ನು ಕೂರಿಸಿಕೊಂಡು ತಾಳಿಕೆಯ ಸಾಲಿನ ವಿಷಯ ಹೇಳಿದ. ಉಪಾಯವನ್ನೂ ಹೇಳಿದ. ಆರನೇ ನಿಮಿಷಕ್ಕೆ ಎಲ್ಲರೂ ರದ್ದು ಮಾಡಬೇಕು. ದೂರಿನ ಗುಂಡಿ ಒತ್ತಬೇಕು. ಎರಡು ನಿಮಿಷ ಬಿಟ್ಟು ಮತ್ತೆ ಕಾರ್ಡು ತಾಗಿಸಬೇಕು.

"ರದ್ದು ಮಾಡಿದ್ರ ಬರೋ ಬಸ್ಸೂ ಹೋತಲ್ರಿ!"

"ಮದಲನೇ ವಾರ ಹೊಕ್ಕೈತಿ. ಆಮ್ಯಾಲ ಯಂತ್ರಕ್ಕ ತಿಳೀತೈತಿ, ಇವರು ಇನ್ನ ಕಾಯೂದಿಲ್ಲ ಅಂತ."

ದ್ರಾಕ್ಷಾಯಣಿ ಕಂಬದ ಹತ್ತಿರದ ಹೆಂಗಸರಿಗೆಲ್ಲ ಹೇಳಿದಳು. ಮೊದಲ ವಾರ ನಿಜವಾಗಿಯೂ ಕಷ್ಟವಾಯಿತು. ಎರಡು ದಿನ ಹೆಂಗಸರು ಕತ್ತಲಾಗುವ ಹೊತ್ತಿಗೆ ಮನೆ ಸೇರಿ ಗದಿಗೆಪ್ಪನಿಗೆ ಹಿಡಿಶಾಪ ಹಾಕಿದರು. ಮೂರನೇ ವಾರಕ್ಕೆ ಬಸ್ಸು ಹತ್ತೇ ನಿಮಿಷಕ್ಕೆ ಬರತೊಡಗಿತು. ಒಂದು ಸಂಜೆ ಅವನು ವ್ಯಾನಿನಿಂದಿಳಿದು ಒಳಗೆ ಬಂದರೆ ಒಲೆ ಹಚ್ಚಿರಲಿಲ್ಲ. ದ್ರಾಕ್ಷಾಯಣಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು, ಕಿಟಕಿಯ ಬಿಸಿಲು ಅವಳ ಪಾದದ ಮೇಲೆ ಬಿದ್ದಿತ್ತು. ಅವನು ಸದ್ದು ಮಾಡದೆ ಚಪ್ಪಲಿ ಬಿಟ್ಟು ಜೋಳದ ಹಿಟ್ಟಿನ ಡಬ್ಬಿ ಹುಡುಕಿದ. ಅವನ ಕೈಯಲ್ಲಿ ರೊಟ್ಟಿ ದುಂಡಗೆ ಬರಲಿಲ್ಲ. ಅವಳು ಎದ್ದು ನೋಡಿ ನಕ್ಕಳು, ಹರಿದುಹೋದ ಅದನ್ನೇ ತಿಂದಳು.

ಹದಿನೈದು ದಿನ ಹೀಗೆ ಕಳೆಯಿತು. ಆಮೇಲೆ ಸಮೀನಾ ಮತ್ತೆ ಕುರ್ಚಿ ತಿರುಗಿಸಿದಳು. ಈ ಸಲ ಅವಳ ಮುಖ ಇಳಿದಿತ್ತು.

"ಕಾಕಾ, ಎರಿಹೊಲ ಸುಧಾರಿಸೇತಿ. ಆದ್ರ ಕುಂಬಾರಗಡ್ಡಿ ನೋಡ್ರಿ."

ಕುಂಬಾರಗಡ್ಡಿ ಊರಿನ ಇನ್ನೊಂದು ತುದಿಯ ಬಡಾವಣೆ. ಕಾಯಿಪಲ್ಯೆ ಮಾರುವವರು, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರು ಇರುವ ಜಾಗ. ಅಲ್ಲಿ ನಲವತ್ತು ನಿಮಿಷವಿದ್ದ ಕಾಯುವಿಕೆ ನೂರ ಹತ್ತಕ್ಕೆ ಏರಿತ್ತು.

"ಬಸ್ಸು ಇರೂದ ಇನ್ನೂರ ಹನ್ನೆರಡು. ಒಂದ್ ಕಡೆ ಕೊಟ್ಟದ್ದನ್ನ ಮತ್ತೊಂದ ಕಡೆಯಿಂದ ತಗೋಬೇಕಲ್ಲ. ಯಾರು ಇನ್ನೂ ಸುಮ್ಮನ ನಿಂತಾರ ಅಂತ ಹುಡುಕಿ ಅವರಿಂದ ತಗೊಂಡೈತಿ."

ಇಬ್ಬರೂ ಸೇರಿ ನಿರ್ದೇಶಕರ ಕೋಣೆಗೆ ಹೋದರು. ವಿಲಾಸ ದೇಸಾಯಿ ಕೆಟ್ಟ ಮನುಷ್ಯನಲ್ಲ. ಮೇಲಿಂದ ಮೇಲೆ ಬರುವ ಫೋನುಗಳಿಗೆ ಉತ್ತರ ಹೇಳಿ ಹೇಳಿ ಸೋತವರು. ಸಮೀನಾ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಕೇಳಿದರು.

"ಸರ್, ಯಾರೂ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚಿಗಿ ಕಾಯಬಾರದು ಅಂತ ಒಂದು ಮಿತಿ ಹಾಕೋಣ್ರಿ" ಎಂದ ಗದಿಗೆಪ್ಪ.

"ಹಾಕಿದ್ರ ಸರಾಸರಿ ಎಷ್ಟಾಗ್ತದ?"

"ಹತ್ತೊಂಬತ್ತು" ಎಂದಳು ಸಮೀನಾ.

ದೇಸಾಯಿ ನಕ್ಕರು, ಸದ್ದಿಲ್ಲದ ನಗು. "ಬಳಿಗಾರ, ನಾನು ಅರವತ್ತು ಹೊಸ ಬಸ್ ಕೇಳ್ಲಿಕ್ಕೆ ಹತ್ತಿ ನಾಕು ವರ್ಷ ಆತು. ಮ್ಯಾಲಿನವರು ಏನಂತಾರ ಗೊತ್ತದ ಏನು? ಎಂಟು ನಿಮಿಷಕ್ಕ ಬಸ್ ಬರೋ ಊರಿಗೆ ಇನ್ನೂ ಬಸ್ ಯಾಕ ಅಂತಾರ. ಎಂಟು ಅಂತ ಬರದು ಕೊಟ್ಟಾಂವನೂ ನಾನ. ಈಗ ಹತ್ತೊಂಬತ್ತು ಅಂತ ಬರದ್ರ ನನ್ನ ಕುರ್ಚಿ ಇರೂದಿಲ್ಲ. ಎಂಟು ಅಂದ್ರ ಬಸ್ ಬರೂದಿಲ್ಲ. ನೀವ ಹೇಳ್ರಿ, ಯಾವುದು ಮಾಡ್ಲಿ?"

ಗದಿಗೆಪ್ಪ ಹೊರಗೆ ಬಂದ. ಅವನಿಗೆ ಆಗ ಪೂರ್ತಿ ಅರ್ಥವಾಗಿತ್ತು. ಊರಿಗೆ ಬಸ್ಸು ಸಾಲದು ಎಂಬ ಸಂಗತಿ ಎಲ್ಲಿಗೂ ಹೋಗಿರಲಿಲ್ಲ. ಗೋಣಿ ಹಾಸಿಕೊಂಡು ಬೆಳ್ಳುಳ್ಳಿ ಸುಲಿಯುವವರ ನಡುವೆ ಅದನ್ನು ಬಚ್ಚಿಟ್ಟಿದ್ದರು. ಅವರು ಸುಮ್ಮನಿದ್ದಷ್ಟು ದಿನವೂ ಕಾಗದದ ಮೇಲೆ ಊರು ಚೆನ್ನಾಗಿಯೇ ಇರುತ್ತಿತ್ತು.

ಮನೆಯಲ್ಲಿ ದ್ರಾಕ್ಷಾಯಣಿ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ಕೇಳಿದಳು. "ಕುಂಬಾರಗಡ್ಡಿಯಾಗ ಈಗ ಎಷ್ಟು ನಿಮಿಷ ಅಂದ್ರಿ?"

"ನೂರ ಹತ್ತು."

"ನಾ ಮಧ್ಯಾಹ್ನ ಮಲಗಿದ ಹೊತ್ತು ಅದು."

"ನಿನ್ನ ತಪ್ಪಲ್ಲ ಅದು."

"ತಪ್ಪು ಅಂತ ಅಂದನೇನು ನಾನು? ಹೊತ್ತು ಅಂದೆ." ಅವಳು ಎದ್ದು ನೀರು ಕುಡಿದಳು. "ಅವರಿಗೂ ಹೇಳಿಕೊಡೂಣಂದ್ರ ಮತ್ತ ಎಲ್ಲಿ ಹೋಗಿ ಕುಂದರತೈತಿ ಅದು?"

"ಮತ್ತೊಂದು ಕಡೆ. ಅವರಿಗೂ ಹೇಳಿಕೊಡಬೇಕು. ಎಲ್ಲಾರಿಗೂ. ಸುಮ್ಮನ ಇರೋರು ಯಾರೂ ಇಲ್ಲ ಅಂತಾದ್ರ ಕೊರತಿ ಎಲ್ಲಾರ ಮ್ಯಾಲೂ ಬೀಳ್ತೈತಿ. ಆವಾಗ ಸರಾಸರಿ ಖರೇ ಹೇಳ್ತೈತಿ." ಅವನು ತಡೆದ. "ನಿನ್ನ ಬಸ್ಸೂ ಮತ್ತ ತಡಾ ಆಗ್ತೈತಿ. ನನ್ನ ಕೆಲಸಾನೂ ಹೋಗಬಹುದು."

"ಹದಿನೈದು ದಿನ ಮಲಗೀನಿ. ಸಾಕಾಗಿಲ್ಲರಿ ನನಗ. ಇನ್ನೂ ಒಂದು ವರ್ಷ ಮಲಗಬೇಕು ಅನಸ್ತೈತಿ." ಅವಳು ಲೋಟ ಕೆಳಗಿಟ್ಟಳು. "ರವಿವಾರ ನಾನ ಹೊಕ್ಕೀನಿ ಕುಂಬಾರಗಡ್ಡಿಗೆ. ನೀವು ಮಾತಾಡಿದ್ರ ಅವರಿಗೆ ಆಫೀಸಿನವ್ರು ಅನಸ್ತೈತಿ."

ಎರಡು ತಿಂಗಳಲ್ಲಿ ಆ ಮಾತು ಊರೆಲ್ಲ ಹಬ್ಬಿತು. ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ನಳದ ಹತ್ತಿರ ಹೆಂಗಸರು ಹೆಂಗಸರಿಗೆ ಹೇಳಿದರು. ತಾಳಿಕೆಯ ಸಾಲಿನಲ್ಲಿ ದೊಡ್ಡ ಅಂಕಿಗಳು ಒಂದೊಂದಾಗಿ ಕರಗಿ ಎಲ್ಲವೂ ಆರು, ಏಳು ಆದವು. ಯಂತ್ರಕ್ಕೆ ಯಾರನ್ನು ಕಾಯಿಸಬೇಕೆಂದು ತಿಳಿಯದಾಯಿತು. ಆಗ ಅದು ಎಲ್ಲರನ್ನೂ ಕಾಯಿಸಿತು. ಇದುವರೆಗೆ ನಾಲ್ಕು ನಿಮಿಷಕ್ಕೆ ಬಸ್ಸು ಹತ್ತುತ್ತಿದ್ದ ಬಡಾವಣೆಗಳಲ್ಲಿ ಇಪ್ಪತ್ತು ನಿಮಿಷವಾಯಿತು. ಅಲ್ಲಿಯವರು ಕಾರುಗಳನ್ನು ಹೊರಗೆ ತೆಗೆದರು, ರಸ್ತೆ ಕಟ್ಟಿತು, ಪತ್ರಿಕೆಗಳು ಬರೆದವು. ಬರಬೇಕಿದ್ದ ಪ್ರಶಸ್ತಿ ಬೇರೆ ಊರಿಗೆ ಹೋಯಿತು. ಸರಾಸರಿ ಹತ್ತೊಂಬತ್ತಕ್ಕೆ ಬಂದು ನಿಂತಿತು.

ವಿಚಾರಣೆಗೆ ರಾಜಧಾನಿಯಿಂದ ಒಬ್ಬ ಅಧಿಕಾರಿ ಬಂದರು. ಮಂಡಳಿಯ ಸಭಾಂಗಣ ತುಂಬಿತ್ತು. ಯಾರು ಇದನ್ನು ಹಬ್ಬಿಸಿದ್ದು ಎಂದು ಕೇಳಿದಾಗ ಗದಿಗೆಪ್ಪ ಎದ್ದು ನಿಂತ. ಸಮೀನಾಳ ಹೆಸರು ಎತ್ತಲಿಲ್ಲ. ಅವಳು ತಾನೂ ಏಳಲು ಹೋದಾಗ ಅವಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ. ಆದರೂ ಅವಳು ಎದ್ದಳು, ಆ ಸಾಲಿನ ಲೆಕ್ಕವನ್ನೆಲ್ಲ ಪರದೆಯ ಮೇಲೆ ಹಾಕಿ ತೋರಿಸಿದಳು. ದೇಸಾಯಿಯವರು ಹೊಸ ಬಸ್ಸು ಕೇಳಿ ಬರೆದಿದ್ದ ತಮ್ಮ ಹಳೆಯ ನಾಲ್ಕು ಪತ್ರಗಳ ಪ್ರತಿಯನ್ನು ಮೇಜಿನ ಮೇಲಿಟ್ಟರು.

ಡ್ಯೂಟಿ ಮುಗಿಸಿ ನೇರವಾಗಿ ಬಂದ ದ್ರಾಕ್ಷಾಯಣಿ ಆಸ್ಪತ್ರೆಯ ನೀಲಿ ಸೀರೆಯಲ್ಲೇ ಇದ್ದಳು. ಬ್ಲೀಚಿಂಗ್ ಪುಡಿಗೆ ಬೆರಳ ತುದಿಗಳು ಬೆಳ್ಳಗಾಗಿದ್ದವು. ಅಧಿಕಾರಿ ಸೌಜನ್ಯದಿಂದಲೇ ಕೇಳಿದರು. "ಹೇಳಿ ಅಮ್ಮಾ, ಎಷ್ಟು ನಿಮಿಷವಾದರೆ ನಿಮಗೆ ನಡೆಯುತ್ತದೆ?"

"ಎಲ್ಲಾರೂ ಇದನ್ನ ಕೇಳ್ತಾರ್ರಿ" ಎಂದಳು ಅವಳು. "ಮನಿ ಕೆಡವಿದಾಗ ಹನ್ನೊಂದು ಕಿಲೋಮೀಟರ್ ನಡೀತೈತೇನು ಅಂದ್ರು. ನಡೀತೈತಿ ಅಂದೆ. ಕಂಬ ನಿಂದ್ರಿಸಿದಾಗ ಸ್ವಲ್ಪ ತಡಾ ಆದ್ರ ನಡೀತೈತೇನು ಅಂದ್ರು. ನಡೀತೈತಿ ಅಂದೆ. ನಾ ನಡೀತೈತಿ ಅಂದದ್ದನ್ನಷ್ಟ ನಿಮ್ಮ ಯಂತ್ರ ಬರಕೊಂಡೈತಿ. ಈಗ ನಡಿಯೂದಿಲ್ಲ ಅಂತ ಬರಕೋರಿ."

ಅಧಿಕಾರಿ ಪೆನ್ನು ಹಿಡಿದು ಕೂತಿದ್ದರು. ಸಭಾಂಗಣದ ಹಿಂದಿನ ಸಾಲುಗಳಲ್ಲಿ ಕುಂಬಾರಗಡ್ಡಿಯ ಹೆಂಗಸರಿದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಎದ್ದು ನಿಂತರು, ಅಧಿಕಾರಿ ತಲೆ ತಗ್ಗಿಸಿ ಬರೆಯುವವರೆಗೂ ನಿಂತೇ ಇದ್ದರು.

ಇಪ್ಪತ್ತೈದು ನಿಮಿಷದ ಮಿತಿ ಜಾರಿಗೆ ಬಂತು. ಅರವತ್ತರ ಬದಲು ನಲವತ್ತು ಬಸ್ಸು ಮಂಜೂರಾದವು. ಬರುವುದು ಇನ್ನೊಂದು ವರ್ಷದ ಮೇಲೆ. ದೇಸಾಯಿಯವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಸಮೀನಾಳನ್ನು ಬಿಡುವಂತಿರಲಿಲ್ಲ, ಆ ಯಂತ್ರವನ್ನು ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಗದಿಗೆಪ್ಪನನ್ನು ನಿಯಂತ್ರಣ ಕೊಠಡಿಯಿಂದ ತೆಗೆದು, ಬಸ್ಸಿನಲ್ಲಿ ಮರೆತುಹೋದ ಛತ್ರಿ, ಟಿಫಿನ್ ಡಬ್ಬಿ, ಚಪ್ಪಲಿಗಳನ್ನು ಕಾಯುವ ಡಿಪೋದ ಕೋಣೆಗೆ ಹಾಕಿದರು. ಅಲ್ಲಿಯವರಿಗೆ ವ್ಯಾನಿನ ಸೌಲಭ್ಯವಿರಲಿಲ್ಲ.

ಡಿಪೋದಿಂದ ಆಸ್ಪತ್ರೆಯ ಗೇಟಿಗೆ ಹತ್ತು ನಿಮಿಷದ ನಡಿಗೆ. ದ್ರಾಕ್ಷಾಯಣಿಗೆ ಪಾಳಿ ಬದಲಾಗಿ ಸಂಜೆ ಐದರವರೆಗೆ ಕೆಲಸವಿದ್ದ ವಾರಗಳಲ್ಲಿ ಇಬ್ಬರೂ ಒಟ್ಟಿಗೇ ಹೊರಡುತ್ತಿದ್ದರು. ಅಂಥದೊಂದು ಸಂಜೆ ಇಪ್ಪತ್ತಮೂರನೇ ನಿಮಿಷಕ್ಕೆ ಬಸ್ಸು ಬಂತು. ಬಾಗಿಲವರೆಗೂ ಜನ. ಗದಿಗೆಪ್ಪ ಒಳಗೆ ಇಣುಕಿ, ದಿನವಿಡೀ ನಿಂತ ಹೆಂಡತಿಯ ಕಾಲನ್ನು ನೆನೆದು, ಒಂದು ಹೆಜ್ಜೆ ಹಿಂದೆ ಸರಿದ.

"ಭಾಳ ಗದ್ದಲ ಐತಿ. ಮುಂದಿನದಕ್ಕ ಹೋಗೂಣು."

"ಏನ್ ಮುಂದಿನದು?" ದ್ರಾಕ್ಷಾಯಣಿ ಅವನ ಬೆನ್ನಿಗೆ ಕೈಯಿಟ್ಟು ತಳ್ಳಿದಳು. "ಇದಕ್ಕ ಹತ್ರಿ. ಅಣ್ಣಾರ, ಒಂದೀಟು ಒಳಗ ಸರೀರಿ!"

ಒಳಗಿದ್ದವರು ಗೊಣಗುತ್ತಲೇ ಸರಿದರು. ಇಬ್ಬರಿಗೂ ಒಂದೊಂದು ಕಾಲಿಡುವಷ್ಟು ಜಾಗವಾಯಿತು. ಬಾಗಿಲು ಎರಡು ಸಲ ತೆರೆದು ಮುಚ್ಚಿ, ಮೂರನೇ ಸಲಕ್ಕೆ ಅವರ ಹಿಂದೆ ಕೂಡಿಕೊಂಡಿತು.